ಇನ್ನೂ ಬಾರದವನ ಊಟ

ಉರಹಾಮದ ಅಂಗಡಿ ಬೀದಿಯ ವರ್ತಕರ ಸಂಘವು ಆ ವರ್ಷ ಅಕ್ಟೋಬರ್ ತಿಂಗಳಲ್ಲಿ ಅತ್ಯಂತ ಗಂಭೀರವಾದ ವಿಷಯವೊಂದನ್ನು ಕೈಗೆತ್ತಿಕೊಂಡಿತು. ಊರಿನ ಮಾನ ಅದರ ಮೇಲೆ ನಿಂತಿದೆ ಎಂದು ಅಧ್ಯಕ್ಷ ಮಿನೆಗಿಶಿ ಸ್ವಾಗತ ಭಾಷಣದಲ್ಲೇ ಹೇಳಿದ. ಹೂಳು ತುಂಬಿದ ಬಂದರಿನ ವಿಷಯವಲ್ಲ, ಮುಚ್ಚಿಹೋದ ಶಾಲೆಯ ವಿಷಯವೂ ಅಲ್ಲ. ಗಡಿಯಾರ ರಿಪೇರಿಯ ಇವಾಕಿರಿ ತೀರಿಕೊಂಡ ಮೇಲೆ ಅವನ ಸರದಿಯ ದಿನ ಕಟೌಟನ್ನು ಒಳಗೆ ತೆಗೆದುಕೊಳ್ಳುವವರು ಯಾರು ಎಂಬುದು.

ಕಟೌಟು ಒರಿಹಾರ ತತ್ಸುಯಾನದು. ಇಪ್ಪತ್ತಾರರ ಹರೆಯದ ಒರಿಹಾರ, ಎದೆಯ ಮೇಲೆ ಹನ್ನೊಂದನೇ ನಂಬರು, ಒಂದು ಬೆರಳನ್ನು ಆಕಾಶಕ್ಕೆ ಎತ್ತಿ, ಬಾಯಿ ತೆರೆದು ನಿಂತಿದ್ದಾನೆ. ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬನ್ನು ಎರಡನೇ ದರ್ಜೆಗೆ ಏರಿಸಿದ ಗೋಲು ಹೊಡೆದ ಕ್ಷಣದ ಫೋಟೋ ಅದು. ಬೆಳಗ್ಗೆ ಮಿನೆಗಿಶಿಯ ತೋಫು ಅಂಗಡಿಯ ಮುಂದೆ, ಬೀದಿಯ ಬಾಯಲ್ಲಿ ಅವನನ್ನು ನಿಲ್ಲಿಸುತ್ತೇವೆ. ಸಂಜೆಯಾಗುತ್ತಲೇ ಸಮುದ್ರದ ಗಾಳಿ ಏಳುವುದರಿಂದ ಸರದಿಯಿದ್ದ ಅಂಗಡಿಯವರು ಒಳಗೆ ಒಯ್ಯಬೇಕು. ಒಯ್ಯುವಾಗ, ದಿನವಿಡೀ ದುಡಿದು ಮನೆಗೆ ಹೊರಟವರಿಗೆ ಹೇಳುವಂತೆ "ದಣಿದ್ರಿ, ಪಾಪ" ಎನ್ನುವುದು ರೂಢಿ. ನನ್ನದು ಹಳೆಯ ಪುಸ್ತಕಗಳ ಅಂಗಡಿ. ರಟ್ಟಿನ ಜೊತೆ ಮಾತಾಡಬಾರದು ಎನ್ನುವಷ್ಟು ಪುಸ್ತಕ ಓದಿದ್ದೇನೆ. ಆದರೂ ಹೇಳುತ್ತಿದ್ದೆ, ಯಾರೂ ನೋಡದಾಗ.

ತೊಡಕೆಲ್ಲ ಇದ್ದದ್ದು ಒಂದು ಸಣ್ಣ ಸಂಗತಿಯಲ್ಲಿ. ಒರಿಹಾರ ತತ್ಸುಯಾ ಸತ್ತಿರಲಿಲ್ಲ. ನಲವತ್ತಾರು ವರ್ಷದವನಾಗಿ, ತಲೆ ಅರ್ಧ ನರೆತು, ನಮ್ಮ ಕ್ಲಬ್ಬಿಗೇ ಕೋಚ್ ಆಗಿ ನಾಲ್ಕು ವರ್ಷದಿಂದ ಇದೇ ಬೀದಿಯಲ್ಲಿ, ಅದೇ ಇವಾಕಿರಿಯ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದ.

"ಆ ಮನೇಲಿ ಈಗಿರೋದು ಕೋಚ್ ಅಲ್ವಾ?" ಎಂದು ಸಭೆಯಲ್ಲಿ ಮೀನಂಗಡಿಯ ಹೆಂಗಸು ಕೇಳಿದಳು. "ಹಾಗಾದ್ರೆ ಸರದಿ ಅವರದ್ದೇ."

"ನಿಮ್ಮ ಬೊಂಬೆನ ನೀವೇ ಇಟ್ಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳೋದಮ್ಮ?" ಎಂದ ಮಿನೆಗಿಶಿ.

"ನಾವು ಇಟ್ಕೊಂಡಿಲ್ವಾ? ನಮ್ಮನೇಲಿ ಬಟ್ಟೆ ಒಣಗೋಕೆ ಜಾಗ ಇಲ್ಲ. ಇವನು ಮಾತ್ರ ಬೆರಳೆತ್ಕೊಂಡು ಮಧ್ಯೆ ನಿಂತಿರ್ತಾನೆ. ನಮ್ಮ ಯಜಮಾನ್ರು ಸ್ನಾನ ಮುಗಿಸಿ ಬರೋವಾಗ ನಾಚ್ಕೊತಾರೆ."

"ಅವನು ನೋಡ್ತಾನಾ?"

"ನೋಡಲ್ಲ. ಅದೇ ಕಷ್ಟ. ಮೇಲೆಲ್ಲೋ ನೋಡ್ತಿರ್ತಾನೆ."

ಎಲ್ಲರೂ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ವಿಷಯವನ್ನು ಸಕಾರಾತ್ಮಕವಾಗಿ ಪರಿಶೀಲಿಸೋಣ ಎಂದು ಮಿನೆಗಿಶಿ ಹೇಳಿದ. ನಮ್ಮಲ್ಲಿ ಅದರ ಅರ್ಥ ಏನೂ ಮಾಡುವುದಿಲ್ಲ ಎಂದು. ಆ ಹೊತ್ತಿಗೆ ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಿದ. ಬಾಡಿಗೆದಾರನೂ ಸಂಘದ ಸದಸ್ಯ ಎಂಬುದು ನಮಗೆ ಮರೆತಿತ್ತು. ಒರಿಹಾರ ತಡವಾಗಿ ಬಂದಿದ್ದ.

"ನನ್ನ ಸರದಿ ನಾನು ಮಾಡ್ತೀನಿ" ಎಂದ. "ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮಿಸಿ."

ಅವನ ಕಥೆಯನ್ನು ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿತ್ತು. ದೂರದ ನಡುಗಡ್ಡೆಯೊಂದರಿಂದ ಹದಿನೆಂಟರ ಹುಡುಗನಾಗಿ ಕ್ಲಬ್ಬಿನ ಹಾಸ್ಟೆಲಿಗೆ ಬಂದವನು. ಆಗಿನ ಕೋಚ್ ಅವನನ್ನು ಎಂದೂ ಮೊದಲಿನಿಂದ ಆಡಿಸುತ್ತಿರಲಿಲ್ಲ. ಎದುರಾಳಿಗಳ ಕಾಲು ಸೋತ ಮೇಲೆ, ಎಪ್ಪತ್ತನೇ ನಿಮಿಷದ ಆಸುಪಾಸಿನಲ್ಲಿ ಒಳಗೆ ಬಿಡುತ್ತಿದ್ದ. ಒರಿಹಾರ ಗೆರೆಯ ಬಳಿ ಸಾಕ್ಸು ಎಳೆದುಕೊಂಡು ನಿಂತನೆಂದರೆ ಡೋಲು ಶುರುವಾಗುತ್ತಿತ್ತು. ಹಾಡೆಂದರೆ ಹಾಡೇನಲ್ಲ, ಅವನ ಹೆಸರನ್ನೇ ಬಲೆ ಎಳೆಯುವವರ ದನಿಯಲ್ಲಿ ಉದ್ದಕ್ಕೆ ಎಳೆಯುವುದು. ಹಾಗೆ ಎಳೆದಾಗಲೆಲ್ಲ ಗೋಲು ಬಂತೆಂದು ಈಗ ಎಲ್ಲರೂ ಆಣೆ ಮಾಡುತ್ತಾರೆ. ಅಷ್ಟೆಲ್ಲ ಬರಲಿಲ್ಲ. ಆದರೆ ಬಂದವು.

ಇಪ್ಪತ್ತೆಂಟಕ್ಕೆ ಜರ್ಮನಿಯ ಎರಡನೇ ದರ್ಜೆಯ ಕ್ಲಬ್ಬೊಂದು ಕರೆಯಿತು. ಬೀಳ್ಕೊಡಲು ಸ್ಟೇಷನ್ನಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಹೋದವನು ಎರಡು ವರ್ಷ ಆಡಿದ, ಮಂಡಿ ಕೆಡಿಸಿಕೊಂಡ, ಅಲ್ಲೇ ಮಕ್ಕಳಿಗೆ ಆಟ ಕಲಿಸುತ್ತ ಉಳಿದ. ಅವನಿಲ್ಲದ ಊರಿನಲ್ಲಿ ಕಟೌಟು ಹುಟ್ಟಿತು. ಅವನಿಗೆ ಅಲ್ಲಿ ಕೂದಲು ನರೆಯುತ್ತಿದ್ದಾಗ ಇಲ್ಲಿ ನಾವು ಮೂರು ಸಲ ಹೊಸ ಬಣ್ಣದಲ್ಲಿ ಮುದ್ರಿಸಿದೆವು.

ಕೋಚ್ ಆಗಿ ಬಂದ ಮೊದಲ ವರ್ಷವೇ ನಾನು ಒಂದನ್ನು ಗಮನಿಸಿದೆ. ಮೈದಾನದಲ್ಲಿ ನನ್ನ ಕುರ್ಚಿ ಗೆರೆಗೆ ಹತ್ತಿರ. ತಂಡ ಸೋಲುತ್ತಿದ್ದರೆ, ಎಪ್ಪತ್ತನೇ ನಿಮಿಷಕ್ಕೆ ಡೋಲು ಬಡಿದುಕೊಳ್ಳುತ್ತಿತ್ತು, ಅವನ ಹೆಸರು ಏಳುತ್ತಿತ್ತು. ಕರಿಯ ಕೋಟು ತೊಟ್ಟು ನಿಂತಿದ್ದ ಒರಿಹಾರ ಕೈಯೆತ್ತಿ ವಂದಿಸುತ್ತಿದ್ದ. ಎರಡನೇ ವರ್ಷ ಅವನಿಗೆ ತಿಳಿಯಿತು. ಜನ ನೋಡುತ್ತಿದ್ದುದು ಅವನನ್ನಲ್ಲ, ಅವನಿಂದ ಎರಡು ಮಾರು ಎಡಕ್ಕೆ, ಒಳಗೆ ಹೋಗಲಿರುವ ಆಟಗಾರ ನಿಲ್ಲುವ ಖಾಲಿ ಜಾಗವನ್ನು. ಆ ವರ್ಷ ಅವನು ಹೊರಳಿ ನೋಡಲು ಶುರುಮಾಡಿದ. ನಾಲ್ಕನೇ ವರ್ಷದ ಹೊತ್ತಿಗೆ ಹಾಡು ಎದ್ದೊಡನೆ ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದ. ಕಿರಿದಾದ ಓಣಿಯಲ್ಲಿ ಎದುರು ಬಂದವರಿಗೆ ದಾರಿ ಬಿಡುವವನ ಹಾಗೆ.

ಆ ನಾಲ್ಕನೇ ವರ್ಷ ನಾವು ಮೂರನೇ ದರ್ಜೆಯ ತಳದಲ್ಲಿದ್ದೆವು.

ಸರದಿಯ ಸಂಜೆ ಒರಿಹಾರ ಕಟೌಟಿನ ಸೊಂಟಕ್ಕೆ ಕೈ ಬಳಸಿ, ಕುಡಿದ ಗೆಳೆಯನನ್ನು ಮನೆಗೆ ಮುಟ್ಟಿಸುವಂತೆ ಬೀದಿ ದಾಟಿದ. ಅಂಗಡಿಯವರು ಹೊರಗೆ ಬಂದು ಬಾಗಿದರು. ಇಬ್ಬರಲ್ಲಿ ಯಾರಿಗೆ ಬಾಗಿದರೆಂದು ನಾನು ಕೇಳಲಿಲ್ಲ.

ಮರುದಿನ ಬೆಳಗ್ಗೆ ಕಟೌಟನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಮೊದಲು ನನ್ನ ಅಂಗಡಿಗೆ ಬಂದ. ಕಣ್ಣು ಕೆಂಪಾಗಿದ್ದವು.

"ಹೇಗಿತ್ತು?" ಎಂದೆ.

"ಗೋಡೆ ಕಡೆ ಮುಖ ಮಾಡಿ ನಿಲ್ಸಿದ್ದೆ. ಹಿಂದುಗಡೆ ಏನಿದೆ ಗೊತ್ತಾ ನಿಮ್ಗೆ? ಬರೀ ಕಂದು ರಟ್ಟು. ಅದನ್ನ ನೋಡ್ತಾ ಕೂರೋದು ಇನ್ನೂ ಕಷ್ಟ. ತಿರುಗಿಸ್ದೆ."

"ಆಮೇಲೆ?"

"ಸುಮ್ನೆ ಕೂತಿರೋಕಾಗುತ್ತಾ? ಹೋದ ಪಂದ್ಯದಲ್ಲಿ ಎಡಗಡೆ ಯಾಕೆ ಕುಸಿದ್ವಿ ಅಂತ ವಿವರಿಸ್ದೆ. ಪೂರ್ತಿ ಕೇಳ್ದ."

"ಏನಂದ?"

"ನನ್ನ ಒಳಗೆ ಬಿಡಿ ಅಂದ." ಒರಿಹಾರ ನಗಲಿಲ್ಲ. "ಬೆಂಚಿನ ಮೇಲೆ ಕೂತೋರು ಹೇಳೋದು ಅದೊಂದೇ ಮಾತು ತಾನೇ."

ಟೀ ಕೊಟ್ಟೆ. ಕಪ್ಪು ಹಿಡಿದುಕೊಂಡು, ಕುಡಿಯದೆ, ನನಗಿಂತ ಹೆಚ್ಚಾಗಿ ಪುಸ್ತಕದ ಕಪಾಟಿಗೆ ಹೇಳುವಂತೆ ಹೇಳಿದ.

"ನಿನ್ನೆ ಕ್ಲಬ್ಬಿನ ಮುಖ್ಯಸ್ಥರ ಹತ್ರ ಹೋಗಿದ್ದೆ. ಇಷ್ಟು ಸೋತಿದೀನಿ, ನನ್ನ ಇಟ್ಕೊತೀರೋ ಬಿಡ್ತೀರೋ ನೇರ ಹೇಳಿ ಅಂದೆ. ಅವರೇನಂದ್ರು ಗೊತ್ತಾ? 'ಒರಿಹಾರ ಸಾನ್, ಆ ಬೀದೀಲಿ ನಿಮಗೆ ಎಡೆ ಇಡ್ತಾ ಇರೋವರೆಗೂ ನಿಮ್ಮನ್ನ ಮುಟ್ಟೋ ಧೈರ್ಯ ನನಗಿಲ್ಲ' ಅಂದ್ರು."

"ಒಳ್ಳೇದೇ ಆಯ್ತಲ್ಲ."

"ಜರ್ಮನೀಲಿ ಮೂರನೇ ಪಂದ್ಯಕ್ಕೇ ಒಬ್ಬ ನನ್ನ ತಲೆ ಮೇಲೆ ಬಿಯರ್ ಸುರಿದ. ನಾನಿನ್ನೂ ಬೆಂಚಿನ ಮೇಲೇ ಇದ್ದೆ. ಇಲ್ಲಿ ನಾಲ್ಕು ವರ್ಷದಿಂದ ಒಬ್ರೂ ಬೈದಿಲ್ಲ. ಸೋತು ಬಸ್ಸಿಂದ ಇಳಿದ್ರೆ ಬಾಗ್ತಾರೆ, ಪಕ್ಕದಲ್ಲಿ ನಿಂತೋರಿಗೆ ಬಾಗೋ ಹಾಗೆ." ಕಪ್ಪು ಕೆಳಗಿಟ್ಟ. "ಇಟ್ಕೊಳ್ಳೋದಾದ್ರೆ ನನ್ನ ನೋಡಿ ಇಟ್ಕೊಳ್ಲಿ. ಓಡಿಸೋದಾದ್ರೂ ನನ್ನ ನೋಡೇ ಓಡಿಸ್ಲಿ. ಯಾವುದೋ ಹುಡುಗನ ಹೆಸರಲ್ಲಿ ಅನ್ನ ತಿನ್ನೋಕೆ ನನ್ನಿಂದ ಆಗಲ್ಲ."

ಎಡೆ ಇಡುತ್ತಿದ್ದವಳು ಶಿಮೆ ಅಜ್ಜಿ. ಹಾಸ್ಟೆಲಿನಲ್ಲಿ ಆಟಗಾರರಿಗೆ ಅಡಿಗೆ ಮಾಡಿ ಹಾಕುತ್ತಿದ್ದವಳು. ಆಮೇಲೆ ತೋಫು ಅಂಗಡಿಯ ಎದುರಿಗೇ ಅನ್ನದುಂಡೆಯ ಸಣ್ಣ ಅಂಗಡಿ ಇಟ್ಟಳು. ಎಂಬತ್ತು ದಾಟಿದರೂ ಅರಳುಮರಳು ಹತ್ತಿರ ಸುಳಿದಿರಲಿಲ್ಲ. ಚದುರಂಗದಲ್ಲಿ ನನ್ನನ್ನು ಸೋಲಿಸಿ, ಸೋತದ್ದು ಹೇಗೆಂದು ವಿವರಿಸುವಷ್ಟು ಕ್ರೂರಿ. ಒರಿಹಾರ ಜರ್ಮನಿಗೆ ಹೊರಟ ದಿನದಿಂದ ಅವಳು ಅವನಿಗೆ ನೆರಳೂಟ ಇಡುತ್ತಿದ್ದಳು. ಮನೆಯವರು ದೂರ ಹೋದರೆ ಅವರ ಪಾಲಿನ ಊಟವನ್ನು ದಿನವೂ ಬಡಿಸಿಡುವುದು ನಮ್ಮ ಕಡೆಯ ಹಳಬರ ಪದ್ಧತಿ. ಹೋದವರು ಹಸಿಯಬಾರದು, ಕ್ಷೇಮವಾಗಿ ಬರಬೇಕು ಎಂದು. ಸತ್ತವರಿಗಲ್ಲ, ಬದುಕಿದ್ದೂ ಇಲ್ಲಿ ಇಲ್ಲದವರಿಗೆ. ಸಾರಿನ ಬಟ್ಟಲಿನ ಮುಚ್ಚಳ ತೆಗೆದಾಗ ಒಳಗೆ ಹನಿ ಕಟ್ಟಿದ್ದರೆ ಅಲ್ಲಿರುವವರು ಚೆನ್ನಾಗಿದ್ದಾರೆ ಎಂದರ್ಥ. ಬಿಸಿ ಸಾರಿಗೆ ಮುಚ್ಚಳ ಹಾಕಿದರೆ ಹನಿ ಕಟ್ಟದೆ ಇರುತ್ತದೆಯೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವಳು ವಾರವಿಡೀ ನನಗೆ ಉಪ್ಪಿಲ್ಲದ ಉಂಡೆ ಮಾರಿದಳು.

ಹೋದವರು ಬಂದ ದಿನ ಈ ಊಟ ನಿಲ್ಲಬೇಕು. ಅವಳು ನಿಲ್ಲಿಸಲಿಲ್ಲ. ನಿಲ್ಲಿಸು ಎಂದು ಹೇಳುವುದು ಯಾರ ಕೆಲಸ ಎಂಬುದು ಇತ್ಯರ್ಥವಾಗದೆ ನಾಲ್ಕು ವರ್ಷ ಕಳೆದಿತ್ತು. ಈಗ ಊಟ ಕಟೌಟಿನ ಕಾಲ ಬಳಿ ಬರುತ್ತಿತ್ತು. ಅದನ್ನು ಕಂಡು ಬೇರೆಯವರೂ ಹಣ್ಣು, ಕ್ಯಾನಿನ ಕಾಫಿ, ಗೆದ್ದ ವಾರವಾದರೆ ಹೂವು ಇಡತೊಡಗಿದ್ದರು. ಹೊರಗಿನವರು ಕೈಮುಗಿದು, ಯಾವಾಗ ಹೋದರು ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು.

ಆ ಬೆಳಗ್ಗೆ ನಾವಿಬ್ಬರೂ ಕಟೌಟು ನಿಲ್ಲಿಸುವ ಹೊತ್ತಿಗೆ ಅಜ್ಜಿ ತಟ್ಟೆ ಹಿಡಿದು ಬಂದಳು. ಅನ್ನ, ಸಾರು, ಸುಟ್ಟ ಬಂಗುಡೆ, ಮೂಲಂಗಿಯ ಉಪ್ಪಿನಕಾಯಿ. ಒರಿಹಾರ ಅವಳ ಮುಂದೆ ಮಂಡಿಯೂರಿ ಕೂತ. ಕೆಟ್ಟ ಮಂಡಿಯ ಸದ್ದು ನನಗೂ ಕೇಳಿಸಿತು.

"ಅಜ್ಜಿ, ನಾನು ಬಂದು ನಾಲ್ಕು ವರ್ಷ ಆಯ್ತು."

"ಗೊತ್ತಪ್ಪ. ಬಂದ ದಿನ ನಾನೇ ನಿನಗೆ ಉಂಡೆ ಕಟ್ಟಿಕೊಟ್ನಲ್ಲ. ಟೀ ಕುಡೀತೀಯಾ?"

"ಈ ಊಟ ಇನ್ನು ಸಾಕು ಅಜ್ಜಿ."

"ಇದು ನಿನ್ನದಲ್ವಲ್ಲ."

"ಮತ್ತೆ ಯಾರದು?"

"ನಮ್ಮ ತತ್ಸುದು." ಅವಳು ತಟ್ಟೆಯ ಮೂಲೆಯನ್ನು ನೆಟ್ಟಗೆ ಮಾಡಿದಳು. "ನೀನು ಕೋಚು. ನೀನು ಮೂಲಂಗಿ ತಿಂತೀಯ. ಅವನು ಯಾವತ್ತೂ ಮುಟ್ಟಿದವನಲ್ಲ, ಅನ್ನದ ಅಡೀಲಿ ಬಚ್ಚಿಡ್ತಿದ್ದ."

"ವಯಸ್ಸಾದ ಮೇಲೆ ತಿನ್ನೋಕೆ ಕಲಿತೆ ಅಜ್ಜಿ. ಅವನೇ ನಾನು."

"ಅವನು ಸ್ಟೇಷನ್ನಲ್ಲಿ ಏನಂದು ಹೋದ, ನಿನಗೆ ಗೊತ್ತಿಲ್ವಾ? ಅಲ್ಲಿ ಗೋಲು ಹೊಡೆಯೋವರೆಗೂ ಉರಹಾಮಕ್ಕೆ ಕಾಲಿಡಲ್ಲ ಅಂದ. ಅಷ್ಟು ಜನದ ಮುಂದೆ ಅಂದ. ಹೊಡೆದ್ನಾ?"

ಒರಿಹಾರ ಕೆಟ್ಟ ಮಂಡಿಯ ಮೇಲೆ ಕೈಯಿಟ್ಟುಕೊಂಡ.

"ಹೊಡೀಲಿಲ್ಲ. ಹೊಡೆದಿದ್ರೆ ಪೇಪರಲ್ಲಿ ಬರ್ತಿತ್ತು. ಅಂದಮೇಲೆ ಇನ್ನೂ ಬಂದಿಲ್ಲ. ನಮ್ಮ ಹುಡುಗ ಕೊಟ್ಟ ಮಾತಿಗೆ ತಪ್ಪೋನಲ್ಲ." ಅವಳು ಬಟ್ಟಲಿನ ಮುಚ್ಚಳ ಎತ್ತಿದಳು. ಒಳಗೆ ದಪ್ಪ ಹನಿಗಳು ಸಾಲುಗಟ್ಟಿದ್ದವು. "ನೋಡು, ಚೆನ್ನಾಗೇ ಇದಾನೆ."

"ನಾನು?"

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ನೀನು ಸೊರಗಿದೀಯ" ಎಂದಳು.

ಬೀದಿಯಲ್ಲಿ ವಾಪಸು ನಡೆಯುವಾಗ ಒರಿಹಾರ ಕೇಳಿದ, "ಆ ಮಾತು ನಿಜವಾಗ್ಲೂ ನಾನು ಆಡಿದ್ನಾ?"

"ಸ್ಟೇಷನ್ ಮಾಸ್ಟರ್ ಮೈಕ್ ಕೊಟ್ಟಿದ್ದ" ಎಂದೆ. "ಬಂದರಿನವರೆಗೂ ಕೇಳಿಸ್ತು."

"ರೈಲು ಬಂದಿತ್ತು. ಏನಾದ್ರೂ ಹೇಳಿ ಹತ್ಬೇಕಿತ್ತು."

"ಈ ಊರಲ್ಲಿ ಅದನ್ನ ಯಾರೂ ಹಾಗೆ ತಗೊಳ್ಳಲಿಲ್ಲ."

ಅವನು ನಿಂತು ತಿರುಗಿ ನೋಡಿದ. ಬೀದಿಯ ಬಾಯಲ್ಲಿ ಅಜ್ಜಿ ಕೂತು, ಕಟೌಟಿನ ಬಟ್ಟಲಿಗೆ ಬಿದ್ದ ಧೂಳನ್ನು ಊಟದ ಕಡ್ಡಿಗಳಿಂದ ತೆಗೆಯುತ್ತಿದ್ದಳು. ದೂರದಿಂದ ನೋಡಿದರೆ ಯಾರಿಗೋ ತುತ್ತು ಕೊಡುತ್ತಿರುವ ಹಾಗೇ ಇತ್ತು. ಆ ಕ್ಷಣ ಗಾಳಿಗೆ ಕಟೌಟು ಕೊಂಚ ಮುಂದಕ್ಕೆ ಬಾಗಿತು. ನಾನು ಕನ್ನಡಕ ಒರೆಸಿಕೊಂಡೆ. ಒರಿಹಾರ ಒರೆಸಿಕೊಳ್ಳಲು ಏನೂ ಇಲ್ಲದೆ ಸುಮ್ಮನೆ ನಿಂತಿದ್ದ.

ಕೊನೆಯ ಪಂದ್ಯ ನವೆಂಬರಿನ ಕಡೆಯ ಭಾನುವಾರ ನಮ್ಮಲ್ಲೇ ಇತ್ತು. ಸಮ ಮಾಡಿಕೊಂಡರೂ ಮೂರನೇ ದರ್ಜೆಯಲ್ಲಿ ಉಳಿಯುತ್ತಿದ್ದೆವು. ಸೋತರೆ ಕೆಳಗೆ, ವೃತ್ತಿ ತಂಡಗಳೇ ಅಲ್ಲದವರ ಜೊತೆ. ಆಲಿಕಲ್ಲು ಬೀಳುತ್ತಿತ್ತು. ಊರಿಗೂರೇ ಬಂದಿತ್ತು. ಅಜ್ಜಿ ಬೇಲಿಯ ಪಕ್ಕದಲ್ಲಿ ಉಂಡೆಗಳ ಮೇಜು ಹಾಕಿದ್ದಳು.

ಮೊದಲರ್ಧದಲ್ಲೇ ಒಂದು ಗೋಲು ಬಿಟ್ಟುಕೊಟ್ಟೆವು. ಎಪ್ಪತ್ತನೇ ನಿಮಿಷಕ್ಕೆ ಡೋಲು ಎದ್ದಿತು. ಅಷ್ಟು ದೊಡ್ಡದಾಗಿ ಆ ಹೆಸರನ್ನು ನಾನು ಹಿಂದೆ ಕೇಳಿರಲಿಲ್ಲ. ಪಕ್ಕದಲ್ಲಿದ್ದ ಮಿನೆಗಿಶಿ ಕಣ್ಣು ಮುಚ್ಚಿ ಎಳೆಯುತ್ತಿದ್ದ. ಅಷ್ಟು ಜನರೂ ಗೆರೆಯ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಆಟ ನಡೆಯುತ್ತಿದ್ದ ಕಡೆ ನೋಡಿದವರು ಕಡಿಮೆ. ಅಷ್ಟೇ ಏಕೆ, ನಮ್ಮ ಎಡಗಡೆಯ ಆಟಗಾರನೊಬ್ಬ ಚೆಂಡು ತನ್ನ ಕಾಲ ಬಳಿ ಇರುವಾಗಲೇ ಅತ್ತ ತಿರುಗಿ ನೋಡಿದ, ಈಗ ಯಾರೋ ಒಳಗೆ ಬರುತ್ತಾರೆ ಎಂಬಂತೆ. ಚೆಂಡು ಕಳೆದುಕೊಂಡ. ನಾನೂ ಅತ್ತ ನೋಡಿದೆ. ಅಲ್ಲಿ ಆಲಿಕಲ್ಲು ಬಿದ್ದು ಹುಲ್ಲು ಬೆಳ್ಳಗಾಗಿತ್ತು, ಅಷ್ಟೇ.

ಒರಿಹಾರ ಈ ಸಲ ಪಕ್ಕಕ್ಕೆ ಸರಿಯಲಿಲ್ಲ. ಎರಡು ಮಾರು ಎಡಕ್ಕೆ ನಡೆದು, ಆ ಜಾಗದಲ್ಲೇ ಹೋಗಿ ನಿಂತ. ಹಾಡು ತಡವರಿಸಿತು. ಅರ್ಧ ಜನ ನಿಲ್ಲಿಸಿದರು. ಉಳಿದವರು ಅವನ ಹಿಂದಿನ ಖಾಲಿ ಬೆಂಚಿಗೆ ಹಾಡುವಂತೆ ಮುಂದುವರಿಸಿದರು. ಅವನು ಕದಲಲಿಲ್ಲ. ಪಂದ್ಯ ಒಂದು–ಸೊನ್ನೆಗೇ ಮುಗಿಯಿತು, ನಾವು ಸೋತೆವು.

ವರ್ಷದ ಕೊನೆಯ ಪಂದ್ಯ ಮುಗಿದ ಮೇಲೆ ಕೋಚ್ ಮೈದಾನದ ಮಧ್ಯೆ ನಿಂತು ಊರಿಗೆ ವಂದನೆ ಹೇಳುವುದು ಪದ್ಧತಿ. ಗೆದ್ದರೂ ಅದೇ ಮಾತು, ಸೋತರೂ ಅದೇ ಮಾತು. ನಿಮ್ಮ ಬೆಂಬಲಕ್ಕೆ ಋಣಿ, ನನ್ನ ಶಕ್ತಿ ಸಾಲಲಿಲ್ಲ, ಮುಂದಿನ ವರ್ಷವೂ ಕೈಬಿಡಬೇಡಿ. ಆಟಗಾರರು ಹಿಂದೆ ಸಾಲಾಗಿ ನಿಂತರು. ಕ್ಲಬ್ಬಿನ ಮುಖ್ಯಸ್ಥ ಛತ್ರಿಯ ಕೆಳಗೆ ನಿಂತು, ತಲೆ ಬಾಗಿಸಲು ಸಿದ್ಧನಾಗಿದ್ದ. ಒರಿಹಾರ ಮೈಕ್ ತೆಗೆದುಕೊಂಡ.

"ಸ್ಟೇಷನ್ನಲ್ಲಿ ನಿಮ್ಮೆಲ್ಲರ ಮುಂದೆ ಒಂದು ಮಾತು ಹೇಳಿದ್ದೆ" ಎಂದ. "ಅಲ್ಲಿ ಗೋಲು ಹೊಡೆಯದೆ ಬರಲ್ಲ ಅಂತ. ಎರಡು ವರ್ಷ ಆಡಿದೆ. ಒಂದೂ ಹೊಡೀಲಿಲ್ಲ. ಬಂದ್ಬಿಟ್ಟೆ. ಈ ನಾಲ್ಕು ವರ್ಷ ಸೋತಿದ್ದು ನಾನೇ. ಬೇರೆ ಯಾರೂ ಬರೋದಿಲ್ಲ. ದಯವಿಟ್ಟು ಇನ್ನು ಕಾಯ್ಬೇಡಿ."

ಅವನು ಸೊಂಟದಿಂದ ಬಾಗಿದ. ಬಾಗಿದವನನ್ನು ಕಂಡು ನಮ್ಮವರು ಬಾಗದೆ ಇರಲಾರರು. ಇಡೀ ಮೈದಾನ ಬಾಗಿತು, ನಾನೂ ಬಾಗಿದೆ. ಆಲಿಕಲ್ಲು ಛತ್ರಿಗಳ ಮೇಲೆ ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಸತ್ತವರ ಮನೆಯಲ್ಲಿ ಕೂತ ಹಾಗಾಯಿತು. ಅವನು ತಲೆ ಎತ್ತಿ ನಮ್ಮನ್ನು ನೋಡಿದಾಗ ಆ ಮುಖದಲ್ಲಿದ್ದ ಹೆದರಿಕೆಯನ್ನು ನಾನು ಕಂಡೆ. ಇದೂ ಸಾಲದೆ ಹೋಯಿತೇ ಎಂಬ ಹೆದರಿಕೆ.

ಬೇಲಿಯ ಬಳಿಯಿಂದ ಒಂದು ಒಡಕು ದನಿ ಬಂತು.

"ಸೋತು ಬಂದ್ಯೇನೋ?"

ಮೈದಾನ ಸಣ್ಣದು. ಅವನಿಗೆ ಕೇಳಿಸಿತು. ಮೈಕ್ ಕೆಳಗಿಳಿಸಿ ಅತ್ತ ತಿರುಗಿದ.

"ಹೂಂ, ಅಜ್ಜಿ."

"ಅದನ್ನ ಮೊದ್ಲೇ ಹೇಳೋಕೆ ಏನಾಗಿತ್ತೋ ನಿಂಗೆ? ಎಷ್ಟು ವರ್ಷದ ಅನ್ನ ಆರಿ ಹೋಯ್ತು." ಶಿಮೆ ಅಜ್ಜಿ ಬೇಲಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. "ಎಡಗಡೆ ಆ ಕುಂಟನ್ನ ಯಾಕೆ ಆಡಿಸ್ದೆ? ವಸಂತ ಕಾಲದಿಂದ ಹೇಳ್ಬೇಕು ಅಂದ್ಕೊತಾ ಇದೀನಿ. ನಾಚ್ಕೆ ಆಗಲ್ವಾ?"

ಮಿನೆಗಿಶಿ ತನ್ನ ಜೀವಮಾನದಲ್ಲಿ ದನಿ ಎತ್ತಿದವನಲ್ಲ. ತೋಫು ಮಾರುವವನಿಗೆ ಅದರ ಅಗತ್ಯವೂ ಬೀಳುವುದಿಲ್ಲ. ಅವನು ಎದ್ದು ನಿಂತ. "ಬೇಸಿಗೇಲಿ ಆ ಗೋಲ್‌ಕೀಪರನ್ನ ಯಾಕೆ ಬಿಟ್ರಿ?" ಎಂದು ಕೂಗಿದ. ತನ್ನ ದನಿಗೆ ತಾನೇ ಬೆಚ್ಚಿ ಕೂತ. ಆಮೇಲೆ ಮೀನಂಗಡಿಯ ಹೆಂಗಸು ಶುರುಮಾಡಿದಳು. ಅವಳಿಗೆ ಅಭ್ಯಾಸವಿತ್ತು. ಎದುರು ಸಾಲಿನಿಂದ ಇನ್ನೊಬ್ಬರು, ಹಿಂದಿನಿಂದ ಮತ್ತೊಬ್ಬರು. ಡೋಲು ಬಾರಿಸುವವರು ಡೋಲು ಕೆಳಗಿಟ್ಟು ಕೂಗಿದರು. ನಾಲ್ಕು ವರ್ಷದ ಬೈಗುಳ ಒಟ್ಟಿಗೆ ಇಳಿಯಿತು. ಯಾರೋ ಅರ್ಧ ತಿಂದ ಉಂಡೆ ಎಸೆದರು, ಅದು ಮುಖ್ಯಸ್ಥನ ಛತ್ರಿಗೆ ಬಡಿಯಿತು. ಅಷ್ಟು ಜನರ ಕಣ್ಣೂ ನೇರವಾಗಿ ಒರಿಹಾರನ ಮೇಲಿತ್ತು. ಒಂದು ಬೆರಳಷ್ಟೂ ಆಚೆಗಿಲ್ಲ, ಈಚೆಗಿಲ್ಲ.

ಅವನು ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಕೊನೆಯವರೆಗೂ ನಿಂತು ಕೇಳಿದ. ತಲೆಯ ಮೇಲೆ ಆಲಿಕಲ್ಲು ಕರಗಿ ಇಳಿಯುತ್ತಿತ್ತು. ಒಬ್ಬೊಬ್ಬರು ಕೂಗಿದಾಗಲೂ ಆ ಕಡೆ ತಿರುಗಿ, ಹೌದು ಎಂದು ತಲೆಯಾಡಿಸುತ್ತಿದ್ದ.

ಮರುದಿನ ಶಿಮೆ ಅಜ್ಜಿ ಊಟ ಇಡಲಿಲ್ಲ. ಗುರುವಾರ ಕ್ಲಬ್ಬು ಒರಿಹಾರನನ್ನು ಕೆಲಸದಿಂದ ತೆಗೆಯಿತು.